ಗಲ್ಲಾ ಕಂಪ್ಯೂಟರಿನ ಪ್ಯಾಕೇಜ್ ಕಪಾಟು: ದುಡ್ಡು ಕೊಟ್ಟು ಕೊಳ್ಳುವುದೋ, ಕೈಯಲ್ಲೇ ಕಟ್ಟುವುದೋ

ಮುಂಬಯಿಯ ಉಡುಪಿ ಹೋಟೆಲ್ ಗುಂಪೊಂದರ ಕಂಪ್ಯೂಟರುಗಳಿಗೆ ಚಾಕೊಲೇಟಿ ಎಂಬ ಪ್ಯಾಕೇಜ್ ಮ್ಯಾನೇಜರ್, ಅಂದರೆ ತಂತ್ರಾಂಶಗಳನ್ನು ತಾನೇ ಹಾಕಿ ಅಪ್‌ಗ್ರೇಡ್ ಮಾಡುವ ಸಾಧನ, ಕೂರಿಸಿದ ಕೆಲಸದ ಲಾಗ್ ಇದು. ಚೆಂಬೂರು, ಮುಲುಂಡ್, ಠಾಣೆ, ಡೊಂಬಿವಲಿ, ವಾಶಿ ಎಲ್ಲ ಸೇರಿ 8 ಶಾಖೆ. ಪ್ರತಿ ಶಾಖೆಯಲ್ಲಿ ಗಲ್ಲಾದಲ್ಲೊಂದು, ಪಾರ್ಸೆಲ್ ಕೌಂಟರಿನಲ್ಲೊಂದು, ಅಡುಗೆಮನೆಯ ಕೆಒಟಿಗೆ (ಆರ್ಡರ್ ಚೀಟಿಗೆ) ಒಂದು ಎಂದು ಮೂರು ಮಷೀನು. ಮಾಟುಂಗಾದ ಲೆಕ್ಕಪತ್ರದ ಆಫೀಸಿನಲ್ಲಿ 10. ಒಟ್ಟು 34, ಎಲ್ಲವೂ ವಿಂಡೋಸ್. ಮಾಲೀಕರ ಪ್ರಶ್ನೆ ನೇರವಾಗಿತ್ತು: “ಭಟ್ರೇ, ಇದಕ್ಕೂ ವರ್ಷ ವರ್ಷ ದುಡ್ಡು ಕಟ್ಟಬೇಕಾ, ಬಿಟ್ಟಿಯದ್ದು ಸಾಕಾ?”

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ, ಕೆಳಗಿನ ಹಂತಗಳೆಲ್ಲ ಅದಕ್ಕೇ ಲೆಕ್ಕ ಒದಗಿಸುತ್ತವೆ. ಪೇಯ್ಡ್ ಆವೃತ್ತಿಯ ಬಿಲ್ಲು ಮಷೀನಿನ ತಲೆಲೆಕ್ಕದಲ್ಲಿ ಬರುತ್ತದೆ. ಅದು ಉಳಿಸುವ ದುಡಿಮೆ ಮಾತ್ರ ಪ್ಯಾಕೇಜುಗಳ, ಅಂದರೆ ಹಾಕುವ ಸ್ಕ್ರಿಪ್ಟಿನ ಜೊತೆ ಕಟ್ಟಿಟ್ಟ ತಂತ್ರಾಂಶಗಳ, ಲೆಕ್ಕದಲ್ಲಿ. ಒಂದೇ ತರಹದ ನೂರು ಮಷೀನಿಗೆ ಹತ್ತು ತಂತ್ರಾಂಶ ಹಾಕುವವರಿಗೆ ಕೊಟ್ಟ ಹಣ ಹುಟ್ಟುವುದು ಕಷ್ಟ. ನಲವತ್ತೇ ಮಷೀನಿದ್ದರೂ ಅರವತ್ತು ಬಗೆಯ ತಂತ್ರಾಂಶ ಸಾಕುವವರಿಗೆ ಅದೇ ಹಣ ಬೇಗ ಹುಟ್ಟುತ್ತದೆ. ಮಾರಾಟಗಾರರು ಮೊದಲು ಕೇಳುವುದು “ಎಷ್ಟು ಮಷೀನು?” ಎಂದು. ನಾವು ಮೊದಲು ಕೇಳಿಕೊಳ್ಳಬೇಕಾದದ್ದು “ತಿಂಗಳಿಗೆ ಎಷ್ಟು ಪ್ಯಾಕೇಜ್ ಬದಲಾಗುತ್ತವೆ?” ಎಂದು.

ಯಾವ ಸಾಧನ

ವಿನ್‌ಗೆಟ್ ಎಂಬ ಪ್ಯಾಕೇಜ್ ಮ್ಯಾನೇಜರ್ ಮೈಕ್ರೋಸಾಫ್ಟಿನದೇ, ಉಚಿತ. 2021ರ ಮೇ ತಿಂಗಳಲ್ಲಿ 1.0 ಆಯಿತು. ಆಫೀಸಿನ ಹತ್ತು ಮಷೀನು ಮಾತ್ರ ಇದ್ದಿದ್ದರೆ ಅದೇ ಸಾಕಿತ್ತು. ಆದರೆ ಅದು ಬಳಕೆದಾರರ ಖಾತೆಗೆ ಅಂಟಿಕೊಂಡ ಆ್ಯಪ್ ರೂಪದಲ್ಲಿ ಬರುವುದರಿಂದ, ಟಾಸ್ಕ್ ಶೆಡ್ಯೂಲರಿನಲ್ಲಿ ವಿಂಡೋಸಿನದೇ ಒಳಖಾತೆಯಾದ ಸಿಸ್ಟಂ ಖಾತೆಯಿಂದ ಓಡಿಸಲು ಹೋದರೆ ಕಮಾಂಡೇ ಸಿಗುವುದಿಲ್ಲ. ಗಲ್ಲಾದಲ್ಲಿ ಕೂರುವವರಿಗೆ ಅಡ್ಮಿನ್ ಹಕ್ಕು ಕೊಡುವಂತಿಲ್ಲ, ಆದ್ದರಿಂದ ಸಿಸ್ಟಂ ಖಾತೆಯೇ ಗತಿ. ಮೇಲಾಗಿ ಇಲ್ಲಿ ಮುಖ್ಯವಾದ ತಂತ್ರಾಂಶಗಳು ಬಿಲ್ಲಿಂಗ್, ಥರ್ಮಲ್ ಪ್ರಿಂಟರಿನ ಡ್ರೈವರ್, ಫಾಂಟುಗಳು. ಇವು ಯಾವ ಸಾರ್ವಜನಿಕ ಭಂಡಾರದಲ್ಲೂ ಹೊಂದಿಕೊಂಡು ಸಿಗುವಂಥವಲ್ಲ, ನಾವೇ ಕಟ್ಟಬೇಕು. ಹಾಗಾಗಿ ಆಯ್ಕೆ ಚಾಕೊಲೇಟಿ. ಅದರ ಕಮಾಂಡ್ ಸಾಧನ ಮುಕ್ತ ತಂತ್ರಾಂಶ, ವ್ಯವಹಾರಕ್ಕೂ ಉಚಿತ. ಬಿಸಿನೆಸ್ ಆವೃತ್ತಿಗೆ ಮಾತ್ರ ಹಣ.

ಮೊದಲ ಅಡ್ಡಿ ಇಲ್ಲೇ ಬಂತು. ಚಾಕೊಲೇಟಿ 2.0ರಿಂದ ಮುಂದಕ್ಕೆ ಮೈಕ್ರೋಸಾಫ್ಟಿನ ಡಾಟ್‌ನೆಟ್ ಫ್ರೇಮ್‌ವರ್ಕ್ ಎಂಬ ರನ್‌ಟೈಮಿನ 4.8 ಆವೃತ್ತಿ ಕಡ್ಡಾಯ. ಬಿಲ್ಲಿಂಗ್ ಮಷೀನುಗಳಲ್ಲಿ ಕೆಲವು ವಿಂಡೋಸ್ 10ರ 2019ನೇ ಎಲ್‌ಟಿಎಸ್‌ಸಿ (ದೀರ್ಘಾವಧಿ ಬೆಂಬಲದ) ಆವೃತ್ತಿಯವು. ಅದರ ಜೊತೆ ಬರುವುದು 4.7.2. ಮೊದಲು 4.8 ಹಾಕಿ, ರೀಸ್ಟಾರ್ಟ್ ಮಾಡಿ, ಆಮೇಲೆ ಚಾಕೊಲೇಟಿ. ಎರಡನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಸರಸರ ಓಡಿಸಿದರೆ ಅರ್ಧಕ್ಕೆ ನಿಲ್ಲುತ್ತದೆ.

ಸಾರ್ವಜನಿಕ ಭಂಡಾರವನ್ನು ಮುಚ್ಚುವುದು

ಚಾಕೊಲೇಟಿ ಹಾಕಿದ ಕೂಡಲೇ ಅದು ಸಮುದಾಯದ ಭಂಡಾರವನ್ನೇ ನೋಡುತ್ತಿರುತ್ತದೆ. ವ್ಯವಹಾರಕ್ಕೆ ಇದು ಆಗದು. ಆಫೀಸಿನ ಮಷೀನುಗಳೆಲ್ಲ ಒಂದೇ ಐಪಿಯಿಂದ ಹೊರಹೋಗುವುದರಿಂದ, ಎಲ್ಲವೂ ಒಟ್ಟಿಗೆ ಅಪ್‌ಗ್ರೇಡ್ ಕೇಳಿದರೆ ಆ ಕಡೆಯಿಂದ 429 (ಕೋರಿಕೆ ಮಿತಿಮೀರಿದೆ) ಎಂಬ ಉತ್ತರ ಬಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಕೊಳ್ಳುತ್ತದೆ. ಜೊತೆಗೆ, ಅಲ್ಲಿನ ಬಹಳಷ್ಟು ಪ್ಯಾಕೇಜುಗಳ ಒಳಗೆ ಇನ್‌ಸ್ಟಾಲರೇ ಇರುವುದಿಲ್ಲ. ಮರುಹಂಚಿಕೆಯ ಹಕ್ಕಿಲ್ಲದ ಕಾರಣ ಒಂದು ಸ್ಕ್ರಿಪ್ಟು ಮತ್ತು ತಯಾರಕರ ಸೈಟಿನ ವಿಳಾಸ ಮಾತ್ರ ಇರುತ್ತದೆ. ತಯಾರಕರು ಅದೇ ವಿಳಾಸದಲ್ಲಿ ಹೊಸ ಫೈಲಿಟ್ಟರೆ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆಯಾಗುವುದಿಲ್ಲ, ಇನ್‌ಸ್ಟಾಲ್ ನಿಲ್ಲುತ್ತದೆ. ನಿಲ್ಲುವುದು ಸರಿಯೇ, ಆದರೆ ಅದು ಯಾವ ರಾತ್ರಿ ನಿಲ್ಲುತ್ತದೆಂಬುದು ನಮ್ಮ ಕೈಯಲ್ಲಿರುವುದಿಲ್ಲ.

ಮೂರನೆಯ ಕಾರಣವೇ ದೊಡ್ಡದು. ನಾವು ಕಟ್ಟಿದ ಒಳಪ್ಯಾಕೇಜಿನ ಹೆಸರಿನಲ್ಲೇ ಬೇರೆ ಯಾರೋ ಸಾರ್ವಜನಿಕವಾಗಿ ಹೆಚ್ಚಿನ ಆವೃತ್ತಿಯ ಪ್ಯಾಕೇಜ್ ಇಟ್ಟರೆ, ಅಪ್‌ಗ್ರೇಡ್ ಅದನ್ನೇ ಎತ್ತಿಕೊಳ್ಳಬಹುದು. ಆದ್ದರಿಂದ ಪ್ರತಿ ಮಷೀನಿನಲ್ಲೂ ಸಾರ್ವಜನಿಕ ಮೂಲವನ್ನು ‘ಸೋರ್ಸ್ ಡಿಸೇಬಲ್’ ಮಾಡಿ, ಒಳಗಿನ ಮೂಲವೊಂದನ್ನೇ ಇಟ್ಟಿದ್ದೇವೆ. ನಮ್ಮ ಪ್ಯಾಕೇಜುಗಳ ಹೆಸರಿನ ಮುಂದೆ ಒಂದು ಒಳಗುರುತು ಕೂಡ.

ಕಪಾಟು

ಕಪಾಟು ಎಂದರೆ ನಮ್ಮ ಒಳಪ್ಯಾಕೇಜುಗಳನ್ನು ಇಡುವ ಜಾಗ. ಅದಕ್ಕೆ ನೆಕ್ಸಸ್ ಅಥವಾ ಪ್ರೊಗೆಟ್ ಎಂಬ ಭಂಡಾರದ ಸರ್ವರ್ ಹಾಕಬಹುದಿತ್ತು. ನೆಕ್ಸಸ್ ಹಾಕುವವರಿಗೆ ಎರಡು ಎಚ್ಚರಿಕೆ: ನ್ಯೂಗೆಟ್ ಎಪಿಐ ಕೀ ರೆಲ್ಮ್ ಅನ್ನು ಸೆಟ್ಟಿಂಗಿನಲ್ಲಿ ಸಕ್ರಿಯ ಮಾಡದಿದ್ದರೆ ಕೀ ಸರಿಯಿದ್ದರೂ ‘ಪುಶ್’ ತಿರಸ್ಕಾರವಾಗುತ್ತದೆ, ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇಟ್ಟಿದ್ದರೆ ಅದರ ಅಪ್‌ಲೋಡ್ ಮಿತಿ ಡಿಫಾಲ್ಟಾಗಿ 1 ಎಂಬಿ ಮಾತ್ರ, ಅದನ್ನು ಏರಿಸದಿದ್ದರೆ 413 ದೋಷ. ಆದರೆ 18 ಪ್ಯಾಕೇಜಿಗೆ ಇಂಥ ಸರ್ವರ್ ಸಾಕುವುದು ಅತಿಯಾಯಿತು. ಚಾಕೊಲೇಟಿಗೆ ಮೂಲವಾಗಿ ಬರಿಯ ಫೋಲ್ಡರ್ ಕೊಟ್ಟರೂ ನಡೆಯುತ್ತದೆ. ಅದನ್ನೇ ಹಿಡಿದೆವು.

ಬೇಕಾದದ್ದು: 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿಯ ಹಳೆಯ ಡೆಸ್ಕ್‌ಟಾಪ್ ಒಂದು, ಅದಕ್ಕೆ 600 ವಿಎ ಯುಪಿಎಸ್, ಆಫೀಸಿನ ಇಂಟರ್ನೆಟ್ ಲೈನಿಗೆ ಸ್ಟ್ಯಾಟಿಕ್ ಐಪಿ. ಪ್ರತಿ ಪ್ಯಾಕೇಜಿನ ಹಿಂದಿನ ಎರಡು ಆವೃತ್ತಿ ಉಳಿಸಿಕೊಂಡರೂ 15 ಜಿಬಿ ದಾಟುವುದಿಲ್ಲ.

ನೆಟ್‌ವರ್ಕ್ ಶೇರ್ ಹಾಕಿ ಮುಗಿಸಿಬಿಡೋಣ ಎಂದು ಅನಿಸುವುದು ಸಹಜ. ಇಲ್ಲಿ ಡೊಮೇನ್ (ಎಲ್ಲ ಮಷೀನುಗಳ ಗುರುತನ್ನು ಒಂದೇ ಕಡೆ ಪರಿಶೀಲಿಸುವ ವ್ಯವಸ್ಥೆ) ಇಲ್ಲ, ಎಲ್ಲ ವರ್ಕ್‌ಗ್ರೂಪ್. ಸಿಸ್ಟಂ ಖಾತೆ ಶೇರಿನ ಬಾಗಿಲು ತಟ್ಟುವುದು ಕಂಪ್ಯೂಟರಿನ ಗುರುತಿನಿಂದ. ಡೊಮೇನ್ ಇಲ್ಲದಿದ್ದರೆ ಆ ಗುರುತಿಗೆ ಬೆಲೆಯಿಲ್ಲ, ‘ಆಕ್ಸೆಸ್ ಡಿನೈಡ್’. ಕೈಯಿಂದ ಪರೀಕ್ಷಿಸಿದಾಗ ಚೆನ್ನಾಗಿ ನಡೆದು, ಶೆಡ್ಯೂಲರಿನಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಹಾಗಾಗಿ ಎಂಜಿನ್‌ಎಕ್ಸ್‌ನಲ್ಲಿ ಒಂದು ಫೋಲ್ಡರನ್ನು ಎಚ್‌ಟಿಟಿಪಿ ಮೂಲಕ ತೆರೆದಿಟ್ಟೆವು, ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗದ ಒಳಗೆ ಮಾತ್ರ. ಲೈಸೆನ್ಸಿನ ತಂತ್ರಾಂಶವನ್ನು ಬಹಿರಂಗ ಇಂಟರ್ನೆಟ್ಟಿನಲ್ಲಿ ಇಡುವುದು ಸಲ್ಲದು. ಶಾಖೆಗಳ ಲೈನುಗಳಿಗೆ ಸ್ವಂತ ಐಪಿ ಇಲ್ಲದಿದ್ದರೂ ತೊಂದರೆಯಿಲ್ಲ, ಸಂಪರ್ಕ ಶುರು ಮಾಡುವುದು ಶಾಖೆಯ ರೂಟರೇ. ಕೀಪ್‌ಅಲೈವ್ 25 ಸೆಕೆಂಡಿಗೆ ಇಟ್ಟರೆ ಸುರಂಗ ಮುಚ್ಚಿಕೊಳ್ಳುವುದಿಲ್ಲ.

ಕಪಾಟಿನಲ್ಲಿ ಒಂದು ಪಟ್ಟಿ ಫೈಲು: ಪ್ಯಾಕೇಜಿನ ಹೆಸರು, ಆವೃತ್ತಿ, ಎಸ್‌ಎಚ್‌ಎ-256 ಚೆಕ್‌ಸಮ್, ಲೈಸೆನ್ಸ್. ಪ್ರತಿ ಮಷೀನು ಆ ಪಟ್ಟಿ ಓದಿ, ತನ್ನಲ್ಲಿಲ್ಲದ್ದನ್ನು ತನ್ನದೇ ಡಿಸ್ಕಿನ ಫೋಲ್ಡರಿಗೆ ಇಳಿಸಿಕೊಳ್ಳುತ್ತದೆ. ಚಾಕೊಲೇಟಿ ನೋಡುವುದು ಆ ಸ್ಥಳೀಯ ಫೋಲ್ಡರನ್ನೇ. ಪಟ್ಟಿ ಮತ್ತು ಫೈಲು ಒಂದೇ ಕಡೆ ಇರುವಾಗ ಈ ಚೆಕ್‌ಸಮ್ ಕಾಪಾಡುವುದು ಅರ್ಧಂಬರ್ಧ ಡೌನ್‌ಲೋಡಿನಿಂದ ಮಾತ್ರ. ಸರ್ವರಿಗೇ ಕಳ್ಳ ನುಗ್ಗಿದರೆ ಎರಡನ್ನೂ ಬದಲಿಸುತ್ತಾನೆ. ಅದಕ್ಕಾಗಿ ಆ ಡೆಸ್ಕ್‌ಟಾಪಿಗೆ ಬೇರಾವ ಕೆಲಸವನ್ನೂ ಹಚ್ಚಿಲ್ಲ.

ಇಳಿಸುವುದನ್ನೂ ಹಾಕುವುದನ್ನೂ ಬೇರೆ ಮಾಡಿದ್ದಕ್ಕೆ ಕಾರಣ ಲೈನಿನ ಲೆಕ್ಕ. ಡೇಟಾಬೇಸ್ ಸಮೇತ ಬಿಲ್ಲಿಂಗ್ ಪ್ಯಾಕೇಜ್ ಸುಮಾರು 350 ಎಂಬಿ. ಶಾಖೆಗಳ 24 ಮಷೀನಿಗೆ 8.4 ಜಿಬಿ. ಆಫೀಸಿನ ಅಪ್‌ಲೋಡ್ 40 ಎಂಬಿಪಿಎಸ್ ಪೂರ್ತಿ ಸಿಕ್ಕರೂ 28 ನಿಮಿಷ. ರಾತ್ರಿ ಹನ್ನೊಂದಕ್ಕೆ ಎಲ್ಲ ಶಾಖೆಗಳೂ ಒಟ್ಟಿಗೆ ಬಾಗಿಲು ಹಾಕುವಾಗ ಇದು ಶುರುವಾದರೆ, ಕೊನೆಯ ಲೋಕಲ್ ಹಿಡಿಯಬೇಕಾದ ಕ್ಯಾಶಿಯರ್ ಮೇನ್ ಸ್ವಿಚ್ ಆರಿಸಿ ಹೊರಡುತ್ತಾರೆ. ಅವರ ತಪ್ಪಲ್ಲ. ಆದ್ದರಿಂದ ಹಗಲಿಡೀ ವಿಂಡೋಸಿನ ಬಿಟ್ಸ್ ಸೇವೆಯ ಮೂಲಕ ಕಡಿಮೆ ಆದ್ಯತೆಯಲ್ಲಿ ಇಳಿಸಿಕೊಳ್ಳುವುದು. ಮಷೀನಿನ ನೆಟ್ ಬಿಡುವಾಗಿದ್ದಾಗ ಇಳಿಯುತ್ತದೆ, ಲೈನು ಹೋದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಮಳೆಗಾಲದಲ್ಲಿ ಡೊಂಬಿವಲಿಯಂಥ ಕಡೆ ಇದಿಲ್ಲದೆ ಆಗುವುದಿಲ್ಲ.

ಪ್ಯಾಕೇಜ್ ಕಟ್ಟುವುದು

ಇಲ್ಲೇ ನಿಜವಾದ ಗಂಟೆಗಳು ಖರ್ಚಾಗುವುದು. ಪೇಯ್ಡ್ ಆವೃತ್ತಿ ಉಳಿಸುವುದೂ ಇದನ್ನೇ.

ಸಾರ್ವಜನಿಕ ಪ್ಯಾಕೇಜನ್ನು ಒಳಗೆ ತರುವ ಕ್ರಮ ಹೀಗೆ. ಪ್ಯಾಕೇಜ್ ಫೈಲು ಜಿಪ್ಪೇ, ಬಿಚ್ಚಿ. ಟೂಲ್ಸ್ ಫೋಲ್ಡರಿನ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿರುವ ವಿಳಾಸ ನೋಡಿ ಇನ್‌ಸ್ಟಾಲರ್ ಇಳಿಸಿ, ಚೆಕ್‌ಸಮ್ ತಾಳೆ ನೋಡಿ, ಅದೇ ಫೋಲ್ಡರಿಗೆ ಹಾಕಿ. ಸ್ಕ್ರಿಪ್ಟಿನಲ್ಲಿ ಇಂಟರ್ನೆಟ್ಟಿನಿಂದ ಇಳಿಸುವ ಫಂಕ್ಷನ್ ತೆಗೆದು ಸ್ಥಳೀಯ ಫೈಲು ಓಡಿಸುವ ಫಂಕ್ಷನ್ ಬರೆಯಿರಿ. ಅವಲಂಬನೆಗಳನ್ನು ನೋಡಿ, ವಿಷುಯಲ್ ಸಿ++ ರನ್‌ಟೈಮಿನಂಥದ್ದು ಇದ್ದರೆ ಅದಕ್ಕೂ ಇದೇ ಪೂಜೆ. ಕೊನೆಗೆ ‘ಚಾಕೊ ಪ್ಯಾಕ್’. ಕೈ ಪಳಗಿದವರಿಗೆ ಒಂದಕ್ಕೆ ಸುಮಾರು 40 ನಿಮಿಷ. ಅವಲಂಬನೆಗಳ ಸರಪಳಿ ಇದ್ದರೆ ಅರ್ಧ ದಿನ. ಬಿಸಿನೆಸ್ ಆವೃತ್ತಿಯ ಪ್ಯಾಕೇಜ್ ಇಂಟರ್ನಲೈಜರ್ ಇದಿಷ್ಟನ್ನೂ ಒಂದೇ ಕಮಾಂಡಿನಲ್ಲಿ ಮಾಡುತ್ತದೆ.

ಫೋಲ್ಡರಿನಲ್ಲಿ ಇಎಕ್ಸ್‌ಇ ಫೈಲು ಕಂಡರೆ ಚಾಕೊಲೇಟಿ ಅದಕ್ಕೊಂದು ಶಿಮ್, ಅಂದರೆ ಎಲ್ಲಿಂದ ಬೇಕಾದರೂ ಕರೆಯಬಹುದಾದ ಚಿಕ್ಕ ಕಮಾಂಡು, ತಾನೇ ಸೃಷ್ಟಿಸುತ್ತದೆ. ಇನ್‌ಸ್ಟಾಲರಿನ ಹೆಸರು ‘ಸೆಟಪ್’ ಎಂದಿದ್ದರೆ ಮಷೀನಿನಲ್ಲಿ ‘ಸೆಟಪ್’ ಎಂಬ ಕಮಾಂಡೇ ಹುಟ್ಟಿಕೊಳ್ಳುತ್ತದೆ. ತಪ್ಪಿಸಲು ಅದೇ ಹೆಸರಿನ ಕೊನೆಗೆ ‘ಡಾಟ್ ಇಗ್ನೋರ್’ ಸೇರಿಸಿದ ಖಾಲಿ ಫೈಲೊಂದನ್ನು ಪಕ್ಕದಲ್ಲಿಡಿ.

ಸದ್ದಿಲ್ಲದೆ ಓಡಿಸುವ ಆಯ್ಕೆ ಇನ್‌ಸ್ಟಾಲರಿನ ಜಾತಿಯ ಮೇಲೆ ಹೋಗುತ್ತದೆ. ಎಂಎಸ್‌ಐ ಆದರೆ ಸ್ಲ್ಯಾಶ್ ಕ್ಯೂಎನ್ ಮತ್ತು ಸ್ಲ್ಯಾಶ್ ನೋರೀಸ್ಟಾರ್ಟ್. ಇನ್ನೋ ಸೆಟಪ್ ಆದರೆ ಸ್ಲ್ಯಾಶ್ ವೆರಿಸೈಲೆಂಟ್. ಎನ್‌ಎಸ್‌ಐಎಸ್ ಆದರೆ ಸ್ಲ್ಯಾಶ್ ಎಸ್, ಎಸ್ ದೊಡ್ಡಕ್ಷರವೇ ಆಗಬೇಕು. ಸಣ್ಣಕ್ಷರ ಹಾಕಿದರೆ ಕಿಟಕಿ ತೆರೆದು ‘ನೆಕ್ಸ್ಟ್’ ಒತ್ತುವವರಿಗಾಗಿ ಕಾಯುತ್ತದೆ. ಸಿಸ್ಟಂ ಖಾತೆಯಲ್ಲಿ ಆ ಕಿಟಕಿ ಯಾರಿಗೂ ಕಾಣುವುದಿಲ್ಲ. ಚಾಕೊಲೇಟಿ ಡಿಫಾಲ್ಟಾಗಿ 2700 ಸೆಕೆಂಡು, ಅಂದರೆ 45 ನಿಮಿಷ ಕಾದು, ಆಮೇಲೆ ಕೈಬಿಡುತ್ತದೆ. ಲಾಗಿನಲ್ಲಿ ಸರಿಯಾಗಿ ಮುಕ್ಕಾಲು ಗಂಟೆಯ ತೂತು ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಎಕ್ಸಿಟ್ ಕೋಡುಗಳಲ್ಲಿ 0 ಅಲ್ಲದೆ 3010 (ರೀಸ್ಟಾರ್ಟ್ ಬೇಕು), 1641 (ರೀಸ್ಟಾರ್ಟ್ ಶುರುವಾಗಿದೆ) ಎರಡನ್ನೂ ಯಶಸ್ಸೆಂದು ಸ್ಕ್ರಿಪ್ಟಿನಲ್ಲಿ ಬರೆಯಬೇಕು. 1618 ಬಂದರೆ ಇನ್ನೊಂದು ಇನ್‌ಸ್ಟಾಲ್ ನಡೆಯುತ್ತಿದೆ, ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟೇ. ಹತ್ತು ನಿಮಿಷ ಬಿಟ್ಟು ಮತ್ತೆ ಯತ್ನಿಸಿ.

80 ಎಂಎಂ ಥರ್ಮಲ್ ಪ್ರಿಂಟರಿನ ಡ್ರೈವರು ಹೆಚ್ಚು ಸತಾಯಿಸಿದ ವಸ್ತು. ಅದರ ಇನ್‌ಸ್ಟಾಲರಿಗೆ ಸೈಲೆಂಟ್ ಆಯ್ಕೆ ಕೊಟ್ಟರೂ “ಈ ಪ್ರಕಾಶಕರನ್ನು ನಂಬಬಹುದೇ?” ಎಂಬ ವಿಂಡೋಸಿನ ಪ್ರಶ್ನೆ ನಡುವೆ ಬಂದು ಅಲ್ಲಿಗೇ ನಿಲ್ಲುತ್ತದೆ. ಪರಿಹಾರ: ಇನ್‌ಸ್ಟಾಲರನ್ನು ಬಿಚ್ಚಿ ಐಎನ್‌ಎಫ್ ಮತ್ತು ಕ್ಯಾಟಲಾಗ್ ಫೈಲು ತೆಗೆಯಿರಿ, ಕ್ಯಾಟಲಾಗಿನ ಸಹಿಯಿಂದ ಸರ್ಟಿಫಿಕೇಟ್ ಎಕ್ಸ್‌ಪೋರ್ಟ್ ಮಾಡಿ, ಸರ್ಟ್‌ಯುಟಿಲ್ ಮೂಲಕ ‘ಟ್ರಸ್ಟೆಡ್ ಪಬ್ಲಿಷರ್’ ಭಂಡಾರಕ್ಕೆ ಸೇರಿಸಿ, ಆಮೇಲೆ ಪಿಎನ್‌ಪಿಯುಟಿಲ್‌ನಿಂದ ಡ್ರೈವರ್ ಹಾಕಿ. ಈ ಬಗೆಯ ಕೆಲಸವನ್ನು ಪೇಯ್ಡ್ ಆವೃತ್ತಿಯೂ ಮಾಡಿಕೊಡುವುದಿಲ್ಲ. ಅದರ ಪ್ಯಾಕೇಜ್ ಬಿಲ್ಡರ್ ಇನ್‌ಸ್ಟಾಲರನ್ನು ನೋಡಿ ಪ್ಯಾಕೇಜಿನ ಚೌಕಟ್ಟು ಕಟ್ಟಿಕೊಡುತ್ತದೆ, ಪ್ರಿಂಟರಿನ ಹಟ ಮುರಿಯುವವರು ನಾವೇ. ದರ ಹೋಲಿಸುವಾಗ ಈ ಗಂಟೆಗಳನ್ನು ‘ಉಳಿತಾಯ’ದ ಕಡೆ ಬರೆಯಬೇಡಿ.

ಪ್ಯಾಕೇಜಿನಲ್ಲಿ ತಪ್ಪು ಸಿಕ್ಕಿ ತಿದ್ದಿದರೆ ಆವೃತ್ತಿಯನ್ನೂ ಏರಿಸಲೇಬೇಕು. ಅದೇ ಆವೃತ್ತಿಯಲ್ಲಿ ತಿದ್ದಿ ಇಟ್ಟರೆ, ಈಗಾಗಲೇ ಹಾಕಿಕೊಂಡ ಮಷೀನುಗಳು ಅದನ್ನು ಮುಟ್ಟುವುದೇ ಇಲ್ಲ. ನಾಲ್ಕನೆಯ ಭಾಗವಾಗಿ ದಿನಾಂಕ ಸೇರಿಸುವುದು ಚಾಕೊಲೇಟಿಯ ರೂಢಿ: 5.2.0 ಇದ್ದದ್ದು 5.2.0.20250614 ಆಗುತ್ತದೆ.

ಯಾವಾಗ ಓಡಿಸುವುದು

ರಾತ್ರಿ ಎರಡಕ್ಕೆ ಶೆಡ್ಯೂಲ್ ಹಾಕಿದರೆ ಹೋಟೆಲಿನಲ್ಲಿ ಓಡುವುದೇ ಇಲ್ಲ, ಮೇನ್ ಆರಿಸಿರುತ್ತಾರೆ. “ತಪ್ಪಿದ ಟಾಸ್ಕನ್ನು ಆದಷ್ಟು ಬೇಗ ಓಡಿಸು” ಎಂಬ ಆಯ್ಕೆ ಟಿಕ್ ಮಾಡಿದರೆ ಇನ್ನೂ ಕೆಟ್ಟದು. ಬೆಳಿಗ್ಗೆ ಮಷೀನು ಏಳುತ್ತಿದ್ದಂತೆಯೇ ಅಪ್‌ಗ್ರೇಡ್ ಶುರುವಾಗಿ, ಮೊದಲ ಇಡ್ಲಿ-ವಡೆಯ ಬಿಲ್ ಹೊರಬರುವ ಹೊತ್ತಿಗೆ ಎರಡು ಕೋರಿನ ಪ್ರೊಸೆಸರ್ ಏದುಸಿರು ಬಿಡುತ್ತಿರುತ್ತದೆ, ಮಾಣಿಗಳು ಕೆಒಟಿಗೆ ಸಾಲು ನಿಂತಿರುತ್ತಾರೆ.

ಉಳಿದದ್ದು ಬಾಗಿಲು ಹಾಕುವ ಹೊತ್ತು. ಡೆಸ್ಕ್‌ಟಾಪಿನಲ್ಲಿ “ಅಂಗಡಿ ಬಂದ್” ಎಂಬ ಶಾರ್ಟ್‌ಕಟ್. ಅದು ಒಂದು ಗೊತ್ತಾದ ಫೋಲ್ಡರಿನಲ್ಲಿ ಗುರುತಿನ ಫೈಲು ಇಡುತ್ತದೆ, ಅಷ್ಟೆ. ಸಿಸ್ಟಂ ಖಾತೆಯ ಟಾಸ್ಕೊಂದು ಐದು ನಿಮಿಷಕ್ಕೊಮ್ಮೆ ಆ ಫೈಲಿಗಾಗಿ ನೋಡಿ, ಕಂಡರೆ ಅಳಿಸಿ, ಸ್ಥಳೀಯ ಫೋಲ್ಡರಿನಿಂದ ‘ಅಪ್‌ಗ್ರೇಡ್ ಆಲ್’ ಓಡಿಸಿ ಮಷೀನು ಆರಿಸುತ್ತದೆ. ಸಾಮಾನ್ಯ ಖಾತೆಯಿಂದ ನೇರವಾಗಿ ಸಿಸ್ಟಂ ಟಾಸ್ಕ್ ಓಡಿಸಲು ಅನುಮತಿ ಇರುವುದಿಲ್ಲ, ಹಾಗಾಗಿ ಈ ಸುತ್ತುದಾರಿ. ಡೌನ್‌ಲೋಡ್ ಮೊದಲೇ ಆಗಿರುವುದರಿಂದ ಕ್ಯಾಶ್ ಎಣಿಸುವಷ್ಟರಲ್ಲಿ ಮುಗಿಯುತ್ತದೆ.

ಬಿಲ್ಲಿಂಗ್ ಮತ್ತು ಟ್ಯಾಲಿ ಎರಡಕ್ಕೂ ‘ಪಿನ್’ ಹಾಕಿದ್ದೇವೆ, ಸಾರಾಸಗಟು ಅಪ್‌ಗ್ರೇಡ್ ಅವನ್ನು ಮುಟ್ಟುವುದಿಲ್ಲ. ಆಫೀಸಿನಲ್ಲಿ ತಿಂಗಳ 11 ಮತ್ತು 20ರ ಆಸುಪಾಸು, ಅಂದರೆ ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಸುವ ದಿನಗಳು, ಹಾಗೂ ಮಾರ್ಚ್ ಕೊನೆಯ ವಾರ ಪಟ್ಟಿ ಬದಲಾಗುವುದಿಲ್ಲ. ಹೊಸದೇನು ಬಂದರೂ ಮೊದಲು ಆಫೀಸಿನ ಎರಡು ಮಷೀನು, ಆಮೇಲೆ ಒಂದು ಶಾಖೆ, ಮೂರು ದಿನ ಬಿಟ್ಟು ಉಳಿದವು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕಿನ ಒಂದೇ ದೋಷಪೂರಿತ ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಮಷೀನುಗಳು ಒಟ್ಟಿಗೆ ಮಲಗಿದ್ದನ್ನು ನೋಡಿದ ಮೇಲೆ ಈ ಮೂರು ದಿನದ ಬಗ್ಗೆ ಚೌಕಾಸಿ ಬೇಡ.

ಜಾವಾ ಎಂಬ ಗುಂಡಿ

ಡಿಜಿಟಲ್ ಸಹಿಯ ಹಳೆಯ ಸಾಧನಗಳಿಗಾಗಿ ಲೆಕ್ಕಪತ್ರದ ಮಷೀನುಗಳಲ್ಲಿ ಜಾವಾ 8 ಉಳಿದಿರುತ್ತದೆ. ಒರಾಕಲ್ 2019ರ ಏಪ್ರಿಲ್‌ನಿಂದ ಅದರ ಲೈಸೆನ್ಸ್ ಬದಲಿಸಿತು: ಅಪ್‌ಡೇಟ್ 202ರವರೆಗೆ ಹಳೆಯ ಷರತ್ತು, 211ರಿಂದ ವ್ಯವಹಾರದ ಬಳಕೆಗೆ ಹಣ. ‘ಅಪ್‌ಗ್ರೇಡ್ ಆಲ್’ ಒಂದೇ ರಾತ್ರಿ ಯಾರನ್ನೂ ಕೇಳದೆ ಆ ಗೆರೆ ದಾಟಿಸಿಬಿಡುತ್ತದೆ. ಪ್ಯಾಕೇಜ್ ಮ್ಯಾನೇಜರ್ ಉಚಿತವೋ ಪೇಯ್ಡೋ, ಒಳಗಿನ ತಂತ್ರಾಂಶದ ಲೈಸೆನ್ಸಿಗೆ ಜವಾಬ್ದಾರಿ ನಮ್ಮದೇ. ಇಲ್ಲಿ ಒರಾಕಲ್ ಜಾವಾ ತೆಗೆದು ಟೆಮುರಿನ್ ಎಂಬ ಉಚಿತ ಜಾವಾ ಹಾಕಿದೆವು. ಪಟ್ಟಿ ಫೈಲಿನಲ್ಲಿ ಪ್ರತಿ ಪ್ಯಾಕೇಜಿನ ಮುಂದೆ ಲೈಸೆನ್ಸಿಗೊಂದು ಕಾಲಂ ಇದೆ, ಅದು ಖಾಲಿಯಿದ್ದರೆ ಸ್ಕ್ರಿಪ್ಟು ಆ ಪ್ಯಾಕೇಜನ್ನು ಬಿಟ್ಟು ಮುಂದೆ ಹೋಗುತ್ತದೆ.

ವರದಿ

ಯಾವ ಮಷೀನಿನಲ್ಲಿ ಯಾವ ಆವೃತ್ತಿ ಎಂಬ ಫಲಕವೇ ಪೇಯ್ಡ್ ಆವೃತ್ತಿಯ ಎರಡನೆಯ ದೊಡ್ಡ ಆಕರ್ಷಣೆ, ಸೆಂಟ್ರಲ್ ಮ್ಯಾನೇಜ್‌ಮೆಂಟ್. ಅದಿಲ್ಲದೆ ಹೀಗೆ: ‘ಚಾಕೊ ಲಿಸ್ಟ್’ ಮತ್ತು ‘ಚಾಕೊ ಔಟ್‌ಡೇಟೆಡ್’ ಎರಡನ್ನೂ ‘ಲಿಮಿಟ್ ಔಟ್‌ಪುಟ್’ ಆಯ್ಕೆಯೊಂದಿಗೆ ಓಡಿಸಿದರೆ ಲಂಬಗೆರೆಯಿಂದ ಬೇರ್ಪಟ್ಟ ಸಾಲುಗಳು ಸಿಗುತ್ತವೆ. ಮಷೀನಿನ ಹೆಸರು ಸೇರಿಸಿ ಸರ್ವರಿಗೆ ಕಳಿಸಿ ಒಂದು ಸ್ಪ್ರೆಡ್‌ಶೀಟಿನಲ್ಲಿ ಕೂಡಿಸುವುದು. 34 ಮಷೀನಿಗೆ ಇದು ಧಾರಾಳ. ವರದಿ ಕಳಿಸದ ಮಷೀನೇ ಹೆಚ್ಚು ಅಪಾಯದ್ದು, ಅದನ್ನು ಕೆಂಪಿನಲ್ಲಿ ತೋರಿಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನ 180 ದಿನಗಳ ಲಾಗ್ ಇಡಬೇಕೆನ್ನುತ್ತದೆ. ಚಾಕೊಲೇಟಿಯ ಸ್ಥಳೀಯ ಲಾಗ್ ತುಂಬಿದಂತೆ ಹಳೆಯದು ಉದುರಿಹೋಗುವುದರಿಂದ ಅದನ್ನೂ ವಾರಕ್ಕೊಮ್ಮೆ ಸರ್ವರಿಗೆ ಎತ್ತಿಡುತ್ತೇವೆ.

ಈಗ ಲೆಕ್ಕ

18 ಪ್ಯಾಕೇಜುಗಳಲ್ಲಿ ತಿಂಗಳಿಗೆ ಬದಲಾಗುವುದು ಐದು. ಬ್ರೌಸರನ್ನು ಎಣಿಸಿಲ್ಲ, ಅದು ತಾನೇ ಅಪ್‌ಡೇಟ್ ಆಗಲಿ, ತಡೆಯಬೇಡಿ. ಐದಕ್ಕೆ 40 ನಿಮಿಷದಂತೆ 3 ಗಂಟೆ 20 ನಿಮಿಷ, ಪರೀಕ್ಷೆಗೆ 2 ಗಂಟೆ, ವರದಿಗೆ 1 ಗಂಟೆ. ಒಟ್ಟು 6 ಗಂಟೆ 20 ನಿಮಿಷ.

ಎದುರು ಬದಿಯಲ್ಲಿ ಕೊಟೇಶನ್. ಉದಾಹರಣೆಗೆ ತೆರಿಗೆ ಸೇರಿ ವರ್ಷಕ್ಕೆ ₹90,000 ಆಗುತ್ತದೆ, ಕೆಲಸ ಬಲ್ಲವರ ಗಂಟೆಗೆ ₹500 ಎಂದಿಟ್ಟುಕೊಳ್ಳಿ. ವರ್ಷಕ್ಕೆ 180 ಗಂಟೆ, ತಿಂಗಳಿಗೆ 15 ಗಂಟೆ ಉಳಿಸಿದರೆ ಮಾತ್ರ ಸಮಸಮ. ಆರು ಚಿಲ್ಲರೆ ಗಂಟೆಯ ಕೆಲಸದಲ್ಲಿ ಹದಿನೈದು ಗಂಟೆ ಉಳಿಸಲು ಬರುವುದಿಲ್ಲ. ಪರೀಕ್ಷೆಯ ಎರಡು ಗಂಟೆಯಂತೂ ಹಣ ಕೊಟ್ಟರೂ ಹಾಗೇ ಇರುತ್ತದೆ. ಈ ಹೋಟೆಲಿಗೆ ಉಚಿತ ಆವೃತ್ತಿಯೇ ಸರಿ.

ತೆರಿಗೆಯ ಮಾತು ಹೋಟೆಲಿನವರಿಗೆ ವಿಶೇಷವಾಗಿ ಮುಖ್ಯ. ವಿದೇಶಿ ಕಂಪನಿಯಿಂದ ಲೈಸೆನ್ಸ್ ಕೊಂಡರೆ ರಿವರ್ಸ್ ಚಾರ್ಜಿನಲ್ಲಿ 18% ಐಜಿಎಸ್‌ಟಿ ನಾವೇ ಕಟ್ಟಬೇಕು. ಬೇರೆ ವ್ಯಾಪಾರಿಗಳಿಗೆ ಅದು ಇನ್‌ಪುಟ್ ಕ್ರೆಡಿಟ್ಟಾಗಿ ವಾಪಸಾಗುತ್ತದೆ. 2017ರ ನವೆಂಬರ್ 15ರಿಂದ 5% ದರದಲ್ಲಿರುವ ರೆಸ್ಟೋರೆಂಟುಗಳಿಗೆ ಆ ಕ್ರೆಡಿಟ್ ಇಲ್ಲ, ಆದ್ದರಿಂದ 18% ಪೂರ್ತಿ ಖರ್ಚೇ. ಮಾರಾಟಗಾರರ ದರಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಲೆಕ್ಕ ತಿರುಗುವುದು ಎಲ್ಲಿ ಎಂದರೆ, ಪುಣೆಯ ಭೋಸರಿ ಕಡೆಯ ಡಿಸೈನ್ ಆಫೀಸಿನಂಥ ಕಡೆ. ಕ್ಯಾಡ್, ಅದರ ಪ್ಲಗಿನ್ನು, ಕಂಪೈಲರು ಎಂದು 60 ಪ್ಯಾಕೇಜ್, ತಿಂಗಳಿಗೆ 25 ಬದಲಾವಣೆ. ಕಟ್ಟುವುದಕ್ಕೇ 16 ಗಂಟೆ 40 ನಿಮಿಷ. ಮಷೀನು ಅಷ್ಟೇ 34 ಇದ್ದರೆ ಕೊಟೇಶನ್ನೂ ಅಷ್ಟೇ. ಎಂಜಿನಿಯರುಗಳು ಅಡ್ಮಿನ್ ಹಕ್ಕಿಲ್ಲದೆ ತಾವೇ ತಂತ್ರಾಂಶ ಹಾಕಿಕೊಳ್ಳಬೇಕೆಂದರೆ ಬಿಸಿನೆಸ್ ಆವೃತ್ತಿಯ ಸೆಲ್ಫ್-ಸರ್ವಿಸ್ ಇದೆ. ಉಚಿತದಲ್ಲಿ ಅದಕ್ಕೆ ಸುರಕ್ಷಿತವಾದ ಪರ್ಯಾಯ ಕಟ್ಟುವುದು ಸುಲಭವಲ್ಲ. ಗಿರಾಕಿ ಕಂಪನಿಯ ಆಡಿಟರ್ ಬಂದು ಪ್ಯಾಚಿಂಗಿನ ಪುರಾವೆ ಕೇಳುವವರಿದ್ದರೂ ಸ್ಪ್ರೆಡ್‌ಶೀಟಿಗಿಂತ ಫಲಕಕ್ಕೆ ಬೆಲೆ ಹೆಚ್ಚು. ಇಂಥವರು ಕೊಳ್ಳುವುದೇ ಸರಿ. ಕಪಾಟು ಮಾತ್ರ ಮೊದಲು ಉಚಿತದಲ್ಲೇ ಕಟ್ಟಿ, ಮೂರು ತಿಂಗಳು ಗಂಟೆಗಳನ್ನು ಬರೆದಿಡಿ. ಕಟ್ಟಿದ ಪ್ಯಾಕೇಜುಗಳೆಲ್ಲ ಪೇಯ್ಡ್ ಆವೃತ್ತಿಯಲ್ಲೂ ಹಾಗೇ ನಡೆಯುತ್ತವೆ, ಯಾವುದೂ ವ್ಯರ್ಥವಾಗುವುದಿಲ್ಲ.

ಕೊಳ್ಳುವವರು ಬರಹದಲ್ಲಿ ಕೇಳಿ ಪಡೆಯಬೇಕಾದ್ದು: ಕನಿಷ್ಠ ಎಷ್ಟು ಮಷೀನಿನ ಲೈಸೆನ್ಸ್ ಕೊಳ್ಳಲೇಬೇಕು, ಅವಧಿ ಮುಗಿದ ದಿನ ಮಷೀನುಗಳಲ್ಲಿ ಏನೇನು ನಿಲ್ಲುತ್ತದೆ, ಕೆಟ್ಟುಹೋದ ಮಷೀನಿನ ಲೈಸೆನ್ಸನ್ನು ಹೊಸದಕ್ಕೆ ದಾಟಿಸಬಹುದೇ, ಭಾರತದ ಹಗಲಿನಲ್ಲಿ ಸಪೋರ್ಟ್ ಸಿಗುತ್ತದೆಯೇ. ಕಾರ್ಡಿನಲ್ಲಿ ಆಟೋ ರಿನ್ಯೂವಲ್ ಇಟ್ಟರೆ ಇನ್ನೊಂದು ತೊಡಕು: ರಿಸರ್ವ್ ಬ್ಯಾಂಕಿನ ನಿಯಮದಂತೆ ₹15,000 ಮೀರಿದ ಮರುಕಳಿಸುವ ಪಾವತಿಗೆ ಪ್ರತಿ ಸಲವೂ ಒಟಿಪಿ ಬೇಕು. ಅವಧಿ ಮುಗಿಯುವ ತಿಂಗಳಿಗೆ ಮುಂಚೆಯೇ ಇನ್‌ವಾಯ್ಸ್ ತರಿಸಿ, ಕಾರ್ಡ್ ಬದಲು ಬ್ಯಾಂಕಿನ ಮೂಲಕ ಕಳಿಸಿ. ವಿದೇಶಕ್ಕೆ ಹಣ ಕಳಿಸುವಾಗಿನ ಆದಾಯ ತೆರಿಗೆಯ ಫಾರ್ಮಿನ ವಿಷಯವನ್ನು ಸಿಎ ಅವರಿಗೆ ಆಗಲೇ ತಿಳಿಸಿಡಿ.